ಸಂಪಂಗಮ್ಮ ಎತ್ತಿಕೊಂಡ ಮಕ್ಕಳು

ಸಂಪಂಗಮ್ಮನವರಷ್ಟು ಎತ್ತರದ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಅವರು ನಡೆದು ಬರುತ್ತಿದ್ದರೆ ಕಾಂಪೌಂಡು ಗೋಡೆಗಳ ಮೇಲೆ ಮೊದಲು ಅವರ ತಲೆ ಕಾಣುತ್ತಿತ್ತು, ಆಮೇಲೆ ಅವರ ಹೆಗಲಿಗೆ ಒರಗಿದ ಇನ್ನೊಂದು ಪುಟ್ಟ ತಲೆ. ಇನ್ನಷ್ಟು ಹತ್ತಿರ ಬಂದರೆ ಸೊಂಟದ ಮೇಲೆ ಮತ್ತೊಂದು ಮಗು. ಎರಡೂ ಅವರ ಮಕ್ಕಳಲ್ಲ, ಮೊಮ್ಮಕ್ಕಳೂ ಅಲ್ಲ. ಒಂದು ಮೂಲೆಮನೆ ದರ್ಜಿಯದು, ಇನ್ನೊಂದು ಹಿಂದಿನ ರಸ್ತೆಯ ಬ್ಯಾಂಕಿನವರದು ಇರಬಹುದು. ನಾಳೆ ಬೇರೆ ಯಾರದೋ. ಅವರ ನಡಿಗೆಯಲ್ಲಿ ಅವಸರವೆಂಬುದೇ ಇರಲಿಲ್ಲ. ತುಂಬಿದ ಕೊಡ ಹೊತ್ತವರ ಹಾಗೆ, ಕಾಲು ಮಾತ್ರ ನಡೆಯುತ್ತಿತ್ತು, ಮೈ ನಿಂತೇ ಇರುತ್ತಿತ್ತು. ಮನೆಯಲ್ಲಿ ಕಿರುಚಿ ಕಿರುಚಿ ನೀಲಿಗಟ್ಟಿದ್ದ ಮಕ್ಕಳು ಆ ಹೆಗಲ ಮೇಲೆ ಸುಮ್ಮನಾಗಿ, ಅವರ ಕೂದಲಿಗೆ ಅಂಟಿಕೊಂಡಿರುತ್ತಿದ್ದ ಹತ್ತಿಯ ಎಳೆಗಳನ್ನು ಕೀಳುತ್ತಿದ್ದವು.

ಅವರು ಬಿನ್ನಿಪೇಟೆಯ ಗಿರಣಿಯಲ್ಲಿ ನೂಲು ಸುತ್ತುವ ವಿಭಾಗದಲ್ಲಿ ಕೆಲಸಕ್ಕಿದ್ದರು. ಬೆಳಗಿನ ಪಾಳಿ. ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಓಕಳಿಪುರದ ಮನೆಗೆ ಹೋಗಿ, ಉಂಡು, ಮುಖ ತೊಳೆದು ಮತ್ತೆ ಹೊರಡುತ್ತಿದ್ದರು. ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಚಾಮರಾಜಪೇಟೆಯ ಹಿಂಭಾಗದ ಮಸೀದಿಯ ಗೇಟಿನ ಬಳಿ ನಿಂತಿರಬೇಕು. ನಮಾಜು ಮುಗಿಸಿ ಬರುವವರು ಮಕ್ಕಳ ಮುಖಕ್ಕೆ ದುವಾ ಊದುತ್ತಾರೆ. ನಮ್ಮ ಕಡೆ ಅದಕ್ಕೆ ಮಂತ್ರ ಹಾಕಿಸುವುದು ಎನ್ನುತ್ತಿದ್ದರು. ಹಸಿ ಬಾಣಂತಿಯರು ಹೊಸಿಲು ದಾಟುವಂತಿಲ್ಲ, ಗಂಡಸರಿಗೆ ಆಫೀಸು, ಅಜ್ಜಿಯರಿಗೆ ಮಂಡಿನೋವು. ಅಂಥ ಮನೆಗಳ ಮಕ್ಕಳನ್ನೆಲ್ಲ ಸಂಪಂಗಮ್ಮ ಎತ್ತಿಕೊಂಡು ಹೋಗಿ, ಊದಿಸಿಕೊಂಡು, ತಿರುಗಿ ಅವರವರ ಮನೆಗೆ ಮುಟ್ಟಿಸುತ್ತಿದ್ದರು. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಕಾಫಿ ಕುಡಿಯಿರಿ ಎಂದು ಯಾರಾದರೂ ಹೇಳಿದರೆ, "ಲೋಟ ಬ್ಯಾರೆ ಇಟ್ಟಿದ್ರೆ ಬ್ಯಾಡ, ಬ್ಯಾರೆ ಇಡದಿದ್ರೆ ಕೊಡಿ" ಎಂದು ನಗುತ್ತಲೇ ಹೇಳುತ್ತಿದ್ದರು. ಆ ನಗುವಿನ ಮುಂದೆ ಎಷ್ಟೋ ಮನೆಗಳ ಕಾಫಿ ಆರಿಹೋಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮೈಸೂರಿನಲ್ಲಿ ಓದಿ, ಮದುವೆಯಾಗಿ ಚಾಮರಾಜಪೇಟೆಗೆ ಬಂದವಳು. ಹತ್ತಿರದ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ. ಮೊದಲ ಮಗ ಸುಹಾಸ ಹುಟ್ಟಿ ಮೂರು ತಿಂಗಳು ತುಂಬುವ ಹೊತ್ತಿಗೆ ಒಂದು ಹೊಸ ಕಷ್ಟ ಶುರುವಾಯಿತು. ದಿನವಿಡೀ ಚೆನ್ನಾಗಿರುವ ಮಗು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳಲು ಹಿಡಿಯುವುದು. ಹಾಲು ಬೇಡ, ತೊಟ್ಟಿಲು ಬೇಡ. ಡಾಕ್ಟರು ನೋಡಿ ಏನೂ ಇಲ್ಲ ಎಂದರು. ನಾನೂ ಜೊತೆಗೆ ಅಳತೊಡಗಿದಾಗ ನಮ್ಮತ್ತೆ ಒಂದು ಮಾತು ಹೇಳಿದರು.

"ಮಂತ್ರ ಹಾಕಿಸ್ಬೇಕು. ಸಂಪಂಗಮ್ಮಂಗೆ ಹೇಳಿಕಳಿಸ್ತೀನಿ."

ನನಗೆ ಆಶ್ಚರ್ಯವಾಯಿತು. ನಮ್ಮತ್ತೆ ಮಡಿಯೆಂದರೆ ಮಡಿ. ಬೇರೆ ಮನೆಯ ನೀರು ಮುಟ್ಟುವವರಲ್ಲ. ತರಕಾರಿಯನ್ನು ಎರಡು ಸಲ ತೊಳೆಯದೆ ಒಳಗೆ ಬಿಡುವವರಲ್ಲ.

"ಮಸೀದಿಗಾ ಅಮ್ಮ?" ಎಂದೆ.

"ಮತ್ತಿನ್ನೆಲ್ಲಿಗೆ? ನಿನ್ನ ಗಂಡ ಮಗುವಾಗಿದ್ದಾಗ್ಲೂ ಅಲ್ಲೇ ಹಾಕಿಸಿದ್ದು."

"ಮಡಿ?"

"ಅದು ಬೇರೆ, ಇದು ಬೇರೆ" ಎಂದು ಹೂಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಮಾರನೆಯ ಸಂಜೆ ಸಂಪಂಗಮ್ಮ ಗೇಟು ತೆಗೆದುಕೊಂಡು ಬಂದರು. ಅತ್ತೆ ಆಗಲೇ ಜಗಲಿಯ ಮೇಲೆ ಚಾಪೆ ಹಾಸಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅದರ ಮೇಲೆ ಮಲಗಿಸಿ, ತಾವು ಹಿಂದೆ ಸರಿದು ಹೊಸಿಲ ಒಳಗೆ ನಿಂತಿದ್ದರು. ಮಗು ಕೈಕಾಲು ಬಡಿದು ಅಳುತ್ತಿತ್ತು. ಸಂಪಂಗಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಚಾಪೆಯನ್ನು ನೋಡಿದರು, ಅತ್ತೆಯನ್ನು ನೋಡಿದರು.

"ಮಗೂನ ಕೈಗೆ ಕೊಡಿ ಅಮ್ಮ."

"ಅಲ್ಲೇ ಮಲಗ್ಸಿದೀನಲ್ಲ, ಎತ್ಕೊಳ್ಳಮ್ಮ."

"ನೆಲದ ಮ್ಯಾಲಿಂದ ನಾನು ಎತ್ಕಳಲ್ಲ. ಗಿರಣೀಲಿ ನೂಲಿನ ಉಂಡೆ ಹಂಗೆ ಎತ್ಕಂತೀನಿ. ಮಗು ಸಾಮಾನಲ್ಲ. ಕೈಯಿಂದ ಕೈಗೆ ಕೊಟ್ರೆ ತಗಂಡ್ ಹೋಗ್ತೀನಿ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಇಲ್ಲಿ ನಿಲ್ಲುವುದಿಲ್ಲ, ಅಲ್ಲಿ ನಿಲ್ಲುತ್ತದೆ ಎಂದು ಹೇಳುವಂತೆ ಹೇಳಿದರು. ನಾನು ಓಡಿಹೋಗಿ ಮಗುವನ್ನು ಎತ್ತಲು ಬಗ್ಗಿದೆ. ಅವರು ಕೈ ಅಡ್ಡ ಮಾಡಿದರು.

"ನೀವಲ್ಲ ಟೀಚರಮ್ಮ. ಹೇಳಿಕಳಿಸಿದ್ದು ಅಜ್ಜಿ."

ರಸ್ತೆಯಲ್ಲಿ ಹೋಗುತ್ತಿದ್ದ ಸೋಡಾ ಗಾಡಿಯವನು ನಿಂತು ನೋಡಿದ. ಅತ್ತೆಯ ಮುಖ ಕೆಂಪಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಮಗು ಇನ್ನೊಮ್ಮೆ ಉಸಿರು ಕಟ್ಟಿ ಕಿರುಚಿತು. ಅತ್ತೆ ಹೊಸಿಲು ದಾಟಿ ಬಂದು, ಬಗ್ಗಿ, ಮಗುವನ್ನು ಎತ್ತಿ, ಮೆಟ್ಟಿಲಿಳಿದು ಆ ಎತ್ತರದ ಹೆಂಗಸಿನ ತೋಳಿಗೆ ಇಟ್ಟರು. ಮಗುವಿನ ಬೆನ್ನ ಕೆಳಗೆ ಇಬ್ಬರ ಕೈಗಳೂ ಒಂದು ಗಳಿಗೆ ಒಟ್ಟಿಗಿದ್ದವು. "ತಲೆ ಹುಷಾರು" ಎಂದರು ಅತ್ತೆ. "ಹ್ಞೂಂ, ಹಿಡಿದಿದೀನಿ ಬಿಡಿ" ಎಂದರು ಸಂಪಂಗಮ್ಮ.

ಆ ದಿನ ಅತ್ತೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡರು. ಮಾರನೆಯ ದಿನವೂ. ಕೆಲವು ವಾರಗಳಲ್ಲಿ ಅದು ಕೈಕಾಲು ತೊಳೆಯುವುದಕ್ಕೆ ಇಳಿಯಿತು. ಆಮೇಲೆ ಅದೂ ಯಾವಾಗ ನಿಂತಿತೋ ನನಗೆ ನೆನಪಿಲ್ಲ. ಅವರಿಗೂ ನೆನಪಿರಲಿಲ್ಲ ಎಂದು ಕಾಣುತ್ತದೆ.

ಮೊದಲ ಸಂಜೆ ನಾನೂ ಸಂಪಂಗಮ್ಮನವರ ಹಿಂದೆ ಹೊರಟೆ. ನಿಜ ಹೇಳಬೇಕೆಂದರೆ, ಬಿ.ಎಸ್ಸಿ. ಓದಿದವಳೆಂಬ ಜಂಭ ನನಗಿತ್ತು. ಇದೇನು ನಡೆಯುತ್ತದೋ ನೋಡೇಬಿಡೋಣ ಎಂದು ಹೊರಟಿದ್ದೆ.

ಮಸೀದಿಯ ಹಸಿರು ಗೇಟಿನ ಪಕ್ಕದ ಗೋಡೆಯುದ್ದಕ್ಕೂ ಹೆಂಗಸರು ಸಾಲಾಗಿ ನಿಂತಿದ್ದರು. ಬುರ್ಖಾದವರು, ಮುಡಿತುಂಬ ಕನಕಾಂಬರ ಮುಡಿದ ತಮಿಳಿನ ಹೆಂಗಸು, ಕೊರಳಲ್ಲಿ ಶಿಲುಬೆಯ ಸರ ಹಾಕಿಕೊಂಡ ಮುದುಕಿ, ಮುಖದ ಮೇಲೆ ಸೆರಗೆಳೆದುಕೊಂಡ ಬಟ್ಟೆ ಅಂಗಡಿ ಸೇಠರ ಸೊಸೆ. ಎಲ್ಲರ ಕೈಯಲ್ಲೂ ಮಗು. ಕೆಲವರ ಕೈಯಲ್ಲಿ ನೀರಿನ ಚೊಂಬು. ಒಳಗಿನಿಂದ ನಮಾಜಿನ ಧ್ವನಿ ಕೇಳುತ್ತಿತ್ತು. ಆಮೇಲೆ ಅದು ನಿಂತಿತು. ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುವ ಸದ್ದು. ಮಾತಾಡಿಕೊಳ್ಳುತ್ತಿದ್ದ ಹೆಂಗಸರು ಸುಮ್ಮನಾದರು.

ಎಲ್ಲರಿಗಿಂತ ಮೊದಲು ಬಂದವರು ಗಿಡ್ಡನೆಯ, ಬಿಳಿ ಗಡ್ಡದ ಮುದುಕರು. ಹಾಸಿಗೆಗೆ ಹತ್ತಿ ಎಕ್ಕುವ ಇಬ್ರಾಹಿಂ ಸಾಬರು. ಸಂಪಂಗಮ್ಮನವರ ಎದುರು ನಿಂತರೆ ಅವರ ಟೋಪಿ ಈಕೆಯ ಭುಜಕ್ಕೂ ಬರುತ್ತಿರಲಿಲ್ಲ. ಸಂಪಂಗಮ್ಮ ಬಗ್ಗಿ ಮಗುವನ್ನು ತಗ್ಗಿಸಿ ಹಿಡಿದರು.

"ಕ್ಯಾ ರಾಜಾ, ಯಾಕ್ ಅಳ್ತಿದೀಯಾ? ಅಮ್ಮಂಗೆ ತೊಂದ್ರೆ ಕೊಡ್ಬಾರ್ದು" ಎಂದು ಹೇಳಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಪಠಿಸಿ, ಮಗುವಿನ ಮುಖದ ಮೇಲೆ ಮೆಲ್ಲಗೆ ಊದಿದರು. ಮಗು ಬೆಚ್ಚಿ ಕಣ್ಣು ಪಿಳುಕಿಸಿತು. ಅವರ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಉಗುರಲ್ಲಿ ಗ್ರೀಸು ಮೆತ್ತಿಕೊಂಡ ಗ್ಯಾರೇಜಿನವರು, ಬ್ರೀಫ್‌ಕೇಸು ಹಿಡಿದ ಆಫೀಸರೊಬ್ಬರು, ಈಗಷ್ಟೇ ಮೀಸೆ ಚಿಗುರುತ್ತಿದ್ದ ಕಾಲೇಜು ಹುಡುಗರು. ಒಬ್ಬರೂ ದಾಟಿ ಹೋಗಲಿಲ್ಲ. ಒಬ್ಬೊಬ್ಬರೂ ಒಂದೊಂದು ಮಗುವಿನ ಎದುರೂ ನಿಂತರು, ಬಗ್ಗಿದರು, ಊದಿದರು, ಮುಂದೆ ಹೋದರು. ಇದು ಯಾರ ಮಗು, ಯಾವ ಜಾತಿ, ಎಲ್ಲಿಯವರು ಎಂದು ಯಾರೂ ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಕೆನ್ನೆಗೂ ಆ ಉಸಿರು ತಗುಲಿತು. ಚಹಾದ ವಾಸನೆ, ಬೀಡಿಯದು, ಅತ್ತರಿನದು. ಎಷ್ಟೊಂದು ಗಂಡಸರು, ದಿನವಿಡೀ ಎಲ್ಲೆಲ್ಲೋ ದುಡಿದು ದಣಿದು ಬಂದವರು, ಮನೆಗೆ ಹೋಗುವ ಮುನ್ನ ಗುರುತಿಲ್ಲದ ಹಸುಗೂಸುಗಳ ಮುಂದೆ ತಲೆಬಗ್ಗಿಸುತ್ತಿದ್ದರು. ನಾನು ಎಂದಾದರೂ ಹಾಗೆ ಯಾರ ಮಗುವಿನ ಮುಂದಾದರೂ ಬಗ್ಗಿದ್ದೆನೇ ಎಂದು ಯೋಚಿಸಿದೆ. ಮನೆಯಿಂದ ಹೊರಡುವಾಗ ಇದ್ದ ಜಂಭ ಎಲ್ಲಿ ಹೋಯಿತೋ ತಿಳಿಯಲಿಲ್ಲ. 

ಹಿಂದಿರುಗುವಾಗ ಸಂಪಂಗಮ್ಮನವರನ್ನು ಕೇಳಿದೆ. "ನೀವು ಮನೇಲಿ ಯಾವ ದೇವರಿಗೆ ನಡ್ಕೋತೀರಿ?"

"ನಮ್ಮನೇಲಿ ದೇವ್ರಿಲ್ಲ ಟೀಚರಮ್ಮ. ನಾವು ಬೌದ್ಧರು. ನಾನೂ ನಮ್ಮನೇರೂ ದೀಕ್ಷೆ ತಗಂಡೋರು. ದೇವ್ರ ಪಟ ಎಲ್ಲಾ ಕೆರೆಗೆ ಬಿಟ್ಟು ಬಂದ್ವಿ. ಒಂದ್ ಬುದ್ಧನ ಪಟ ಐತೆ. ಅವನ್ನ ಏನೂ ಕೇಳಂಗಿಲ್ಲ, ಕೊಡು ಅನ್ನಂಗಿಲ್ಲ. ಅವನ ಮುಂದೆ ಕೂತ್ಕಂಡು ನಮ್ಮ ಬುದ್ಧಿ ನಾವು ನೆಟ್ಟಗೆ ಮಾಡ್ಕಬೇಕು."

"ಮತ್ತೆ ಈ ಊದೋದರಲ್ಲಿ ನಂಬಿಕೆ?"

ಅವರು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡರು. ಮಗು ನಿದ್ದೆ ಹೋಗಿತ್ತು.

"ನಂಗೆ ಮೊದ್ಲು ಒಂದ್ ಹೆಣ್ ಮಗು ಇತ್ತು. ಆವಾಗ ಇಲ್ಲೇ ಹಿಂದ್ಗಡೆ ಗಲ್ಲೀಲಿ ಇದ್ವಿ. ಮಗೂಗೆ ಹುಷಾರು ತಪ್ತು. ನಂಗೆ ಸಂಜೆ ಪಾಳಿ, ಬಿಡಂಗಿಲ್ಲ. ಪಕ್ಕದ ಮನೆ ರಶೀದಾಬಿ ದಿನಾ ಸಂಜೆ ಎತ್ಕಂಡ್ ಬಂದು ಇದೇ ಗೇಟಲ್ಲಿ ಊದಿಸ್ತಿದ್ಲು."

"ಮಗು ಹುಷಾರಾಯ್ತಾ?"

"ಇಲ್ಲ. ಉಳೀಲಿಲ್ಲ."

ಅವರು ಮಗುವಿನ ತಲೆಯ ಮೇಲೆ ಸೆರಗೆಳೆದರು. ಅವರೇ ಮುಂದುವರಿಸಿದರು.

"ಮಗು ಹೋದ್ಮ್ಯಾಲೆ ಒಂದ್ ಸಂಜೆ ನಾನೇ ಬಂದು ಇಲ್ಲಿ ನಿಂತ್ಕಂಡೆ. ಬೈಯಕ್ಕೆ ಅಂತಾನೇ ಬಂದಿದ್ದೆ. ಊದಿ ಊದಿ ಏನ್ ಮಾಡಿದ್ರಿ ಅಂತ ಎಲ್ರನ್ನೂ ಕೇಳಬೇಕು ಅಂತ. ನಮಾಜು ಬಿಡ್ತು. ಇಬ್ರಾಹಿಂ ಸಾಬ್ರು ಬಂದ್ರು. ನನ್ ಬರೀ ಕೈ ನೋಡಿದ್ರು. ರಶೀದಾಬಿ ಹೇಳಿದ್ಲೋ ಏನೋ, ಅವ್ರಿಗೆ ಗೊತ್ತಾಗೋಯ್ತು. ಏನೂ ಅನ್ನಲಿಲ್ಲ. ನಿಂತಲ್ಲೇ ಕಣ್ಣಲ್ಲಿ ನೀರು ಸುರೀತು. ನನ್ ಮಗೂಗೆ ಅಂತ ನಮ್ಮನೇರು ಬಿಟ್ರೆ ಅತ್ತಿದ್ದು ಅವರೊಬ್ರೇ ಕಣಮ್ಮ. ನಂಗೆ ಬೈಯಕ್ಕೆ ಬಾಯೇ ಬರಲಿಲ್ಲ. ಪಕ್ಕದಲ್ಲಿ ಯಾವಳೋ ಎರಡು ಮಕ್ಕಳನ್ನ ಹಿಡ್ಕಂಡು ಒದ್ದಾಡ್ತಿದ್ಲು. ಒಂದನ್ನ ಇಸ್ಕಂಡೆ. ಅವತ್ತಿಂದ ಬತ್ತಾನೇ ಇವ್ನಿ."

ಅವರ ಮಗ ಗೌತಮ ಆಮೇಲೆ ಹುಟ್ಟಿದವನು. ನಾನು ನೋಡುವಷ್ಟರಲ್ಲಿ ಓದಿ ಸರ್ಕಾರಿ ಕೆಲಸಕ್ಕೆ ಸೇರಿದ್ದ. ಸಂಜೆ ಓಕಳಿಪುರದ ಮಕ್ಕಳಿಗೆ ಪಾಠ ಹೇಳುತ್ತಿದ್ದ. ತಾಯಿಯ ಎತ್ತರ, ತಾಯಿಯದೇ ನೇರ ಮಾತು. ಅವ್ವ ಮಸೀದಿಗೆ ಹೋಗುವುದು ಅವನಿಗೆ ಸ್ವಲ್ಪವೂ ಹಿಡಿಸುತ್ತಿರಲಿಲ್ಲ. ಒಮ್ಮೆ ನಮ್ಮ ಗೇಟಿನ ಬಳಿಯೇ ಅವರಿಬ್ಬರಿಗೂ ಮಾತು ಹತ್ತಿತು.

"ಅವ್ವ, ಮಂತ್ರ ತಂತ್ರ ಅಂತ ಹೇಳಿ ಹೇಳೇ ನಮ್ಮೋರನ್ನ ತಲೆ ಎತ್ತಕ್ಕೆ ಬಿಡಲಿಲ್ಲ. ಅದೆಲ್ಲ ಬೇಡ ಅಂತ ದೀಕ್ಷೆ ತಗೊಂಡಿದ್ದು ನೀನೇ. ಈಗ ಊರ ಮಕ್ಕಳಿಗೆಲ್ಲ ಊದಿಸ್ಕೊಂಡು ತಿರುಗ್ತೀಯಲ್ಲ, ನಾನು ನಮ್ಮ ಹುಡುಗ್ರಿಗೆ ಏನು ಹೇಳ್ಲಿ?"

"ನೀನು ಹೇಳೋದು ಸರಿಯಾಗೇ ಐತೆ ಕಣಪ್ಪ."

"ಸರಿ ಅಂದ್ಮೇಲೆ ಬಿಟ್ಬಿಡು."

"ಬಿಡಕ್ಕಾಗಲ್ಲ. ನೀನು ಹೇಳೋದನ್ನ ನೀನು ಹೇಳು. ನಾನು ಅಡ್ಡ ಬರಲ್ಲ."

ಗೌತಮ ನನ್ನ ಕಡೆ ತಿರುಗಿ, "ನೋಡಿ ಮೇಡಂ, ಇವ್ರ ಹತ್ರ ವಾದ ಮಾಡೋದು ಹೇಗೆ?" ಎಂದು ಸೈಕಲ್ ಏರಿ ಹೊರಟುಹೋದ.

ಗೌತಮನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಸುಜಾತ ಎಂದು ಹೆಸರಿಟ್ಟರು. ನಮ್ಮ ರಸ್ತೆಯವರೆಲ್ಲ, ಇನ್ನೇನು ಮೊಮ್ಮಗಳನ್ನೂ ಎತ್ತಿಕೊಂಡು ಬರುತ್ತಾರೆ ಎಂದು ಕಾದರು. ಬರಲಿಲ್ಲ. ಆ ಮಗುವೂ ಸಂಜೆ ಹೊತ್ತು ಅಳುತ್ತಿತ್ತಂತೆ. ಸೊಸೆ ಒಂದು ದಿನ, ನಿಮ್ಮ ಮಗ ಆಫೀಸಿನಿಂದ ಬರುವುದರೊಳಗೆ ಹೋಗಿ ಬಂದುಬಿಡಿ, ಅವರಿಗೆ ಗೊತ್ತಾಗುವುದಿಲ್ಲ ಎಂದು ಗುಟ್ಟಾಗಿ ಹೇಳಿದಳಂತೆ. ಸಂಪಂಗಮ್ಮ ಒಪ್ಪಲಿಲ್ಲ.

"ಯಾಕೆ ಒಪ್ಪಲಿಲ್ಲ? ನಿಮ್ಮದೇ ಮೊಮ್ಮಗಳಲ್ವಾ?" ಎಂದೆ.

"ಹೆತ್ತೋನು ಬ್ಯಾಡ ಅಂದ ಮಗೂನ ಅವನ ಕಣ್ಣು ತಪ್ಪಿಸಿ ಎತ್ಕಂಡ್ ಹೋದ್ರೆ ಅದು ಕದ್ದಂಗೆ ಟೀಚರಮ್ಮ. ಅವನು ಸುಮ್ಸುಮ್ನೆ ಬ್ಯಾಡ ಅಂತಿಲ್ಲ. ಯೋಚ್ನೆ ಮಾಡಿ ಬ್ಯಾಡ ಅಂತಾನೆ. ಅಂಥಾ ಮಗನ್ನ ಬೆಳೆಸಿದ್ದೂ ನಾನೇ ತಾನೆ?"

ಹಾಗೆ ಹೇಳುವಾಗ ಅವರ ತೋಳಿನಲ್ಲಿ ಬೇರೆ ಯಾರದೋ ಮಗು ಇತ್ತು. ತನ್ನ ಮನೆಯ ಮಗುವನ್ನು ಅಳಲು ಬಿಟ್ಟು ಹೊರಟುಬರುವುದು ಆ ಹೆಂಗಸಿಗೆ ಎಷ್ಟು ಭಾರವಾಗಿರಬೇಕು! ಆದರೂ ಮಗನ ಮಾತನ್ನು ಅವರು ಒಂದು ದಿನವೂ ಮುರಿಯಲಿಲ್ಲ, ತಾವು ನಡೆದು ಬರುವುದನ್ನೂ ನಿಲ್ಲಿಸಲಿಲ್ಲ.

ಸುಹಾಸನಿಗೆ ಆಗಷ್ಟೇ ಮಾತು ಬರುತ್ತಿತ್ತು. ಒಂದು ಚಳಿಗಾಲ ಅವನಿಗೆ ನ್ಯುಮೋನಿಯಾ ಆಯಿತು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿಗೆ ಸೇರಿಸಿದೆವು. ಮೂಗಿಗೆ ನಳಿಕೆ, ಕೈಗೆ ಸೂಜಿ. ಡಾಕ್ಟರು ನಮ್ಮ ಮುಖ ನೋಡದೆ ಮಾತಾಡುತ್ತಿದ್ದರು. ಒಂದು ಸಂಜೆ ನನ್ನ ಗಂಡ ಮಗುವಿನ ಬಳಿ ಕುಳಿತರು, ನಾನು ಬಟ್ಟೆ ತರಲೆಂದು ಆಟೋದಲ್ಲಿ ಮನೆಗೆ ಹೊರಟೆ. ದಾರಿಯಲ್ಲಿ ಮಸೀದಿಯ ಮುಂದೆ ಗಾಡಿಗಳು ನಿಂತಿದ್ದರಿಂದ ಆಟೋ ಗೇಟಿನ ಹತ್ತಿರದಲ್ಲೇ ನಿಂತಿತು. ಗೋಡೆಯ ಪಕ್ಕದ ಸಾಲು ಕಾಣಿಸಿತು. ಸಾಲಿನಲ್ಲಿ ಸಂಪಂಗಮ್ಮ ನಿಂತಿದ್ದರು, ಪಕ್ಕದ ಕಟ್ಟೆಯ ಮೇಲೆ ನೀರಿನ ಚೊಂಬು.

ಅವರ ತೋಳಿನಲ್ಲಿ ಮಗುವಿರಲಿಲ್ಲ. ಎರಡೂ ಕೈಗಳನ್ನು ಮಗುವನ್ನು ಹಿಡಿಯುವ ಹಾಗೆಯೇ ಮುಂದೆ ಚಾಚಿದ್ದರು. ಅವುಗಳ ಮೇಲೆ ಸುಹಾಸನ ಹಳದಿ ಅಂಗಿ ಹರಡಿತ್ತು. ಎಡಗೈ ಅಂಗಿಯ ಕೊರಳ ಹಿಂದೆ ಇತ್ತು, ತಲೆಗೆ ಆಸರೆ ಕೊಡುವ ಜಾಗದಲ್ಲಿ. ಎಂದಿನಂತೆ ಸಂಜೆ ನಮ್ಮ ಮನೆಗೆ ಬಂದವರು, ವಿಷಯ ತಿಳಿದು, ಮಗು ತೊಟ್ಟು ಬಿಟ್ಟ ಅಂಗಿಯೊಂದನ್ನು ಅತ್ತೆಯಿಂದ ಇಸಿದುಕೊಂಡು ಹೋಗಿದ್ದರೆಂದು ನನಗೆ ಆಮೇಲೆ ತಿಳಿಯಿತು.

ನಮಾಜು ಬಿಟ್ಟಿತು. ಇಬ್ರಾಹಿಂ ಸಾಬರು ಬಂದು, "ಕ್ಯಾ ರಾಜಾ" ಎಂದು ಬಗ್ಗಿದವರು ಹಾಗೆಯೇ ನಿಂತರು.

"ಮಗು ಎಲ್ಲಮ್ಮಾ?"

"ಆಸ್ಪತ್ರೇಲೈತೆ ಸಾಬ್ರೇ. ಉಸಿರಾಡಕ್ಕೆ ಕಷ್ಟ ಪಡ್ತೈತೆ."

ಅವರು ಆಕೆಯ ಮುಖವನ್ನೊಮ್ಮೆ ನೋಡಿ ಕಣ್ಣು ಮುಚ್ಚಿದರು. ತುಟಿ ಅಲುಗಿತು. ಆಮೇಲೆ ಇನ್ನೂ ಕೆಳಕ್ಕೆ ಬಗ್ಗಿ, ಅಂಗಿಯ ಕೊರಳಿಗಿಂತ ಸ್ವಲ್ಪ ಮೇಲೆ, ಮಗುವಿನ ಮುಖ ಇರಬೇಕಾಗಿದ್ದ ಬರಿಯ ಗಾಳಿಗೆ ಊದಿದರು. ಅವರ ಹಿಂದಿನವರೂ ಅಲ್ಲಿಗೇ ಊದಿದರು. ಅವರ ಹಿಂದಿನವರೂ. ಮೂಟೆ ಹೊರುವವರು, ಗ್ಯಾರೇಜಿನವರು, ಕಾಲೇಜು ಹುಡುಗರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಇಲ್ಲದ ಮುಖವೊಂದರ ಎದುರು ಬಗ್ಗಿದರು. ಒಬ್ಬರೂ ಅಂಗಿಯ ಮೇಲೆ ಊದಲಿಲ್ಲ. ಎಲ್ಲರಿಗೂ ಮುಖ ಎಲ್ಲಿದೆಯೆಂದು ಗೊತ್ತಿದ್ದ ಹಾಗಿತ್ತು. ನಾನು ಆಟೋದಿಂದ ಇಳಿಯಲಿಲ್ಲ. ನಾನು ಹೇಳದೆಯೇ ಆಟೋದವನು ಎಂಜಿನ್ ನಿಲ್ಲಿಸಿಬಿಟ್ಟಿದ್ದ. ಕೊನೆಯವರು ಊದಿ ಹೋದ ಮೇಲೆಯೇ ಅವನು ಮತ್ತೆ ಎಂಜಿನ್ ಶುರುಮಾಡಿದ.

ಮನೆಗೆ ಹೋಗಿ ಅತ್ತೆಯನ್ನು ಕರೆದುಕೊಂಡು ಆಸ್ಪತ್ರೆಗೆ ಹಿಂದಿರುಗಿದ ಸ್ವಲ್ಪ ಹೊತ್ತಿಗೆ ಸಂಪಂಗಮ್ಮನೂ ವಾರ್ಡಿಗೆ ಬಂದರು. ಕೈಯಲ್ಲಿ ಮುಚ್ಚಿದ ಚೊಂಬು, ಅದರಲ್ಲಿ ಊದಿಸಿದ ನೀರು. ಹಿಂದೆ ಗೌತಮ. ಅವ್ವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ನೀರು ತುಳುಕದಂತೆ ಅಷ್ಟು ದೂರ ತುಳಿದು ಬಂದಿದ್ದ. ನಾನು ನೋಡಿದ್ದೇ, "ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ ಮೇಡಂ. ಬಸ್ಸು ರಶ್ ಇತ್ತು, ಅದಕ್ಕೆ ಬಂದೆ. ಮಗು ಹೇಗಿದೆ?" ಎಂದ. ಉತ್ತರಕ್ಕೆ ಕಾಯುತ್ತಿದ್ದ ಅವನ ಮುಖ ನೋಡಿದರೆ ಅವನೂ ನಮ್ಮಷ್ಟೇ ಹೆದರಿದ್ದ.

ನರ್ಸು ಚೊಂಬು ನೋಡಿ ತಡೆದಳು. "ಮಗುಗೆ ಬಾಯಿಂದ ಏನೂ ಕೊಡೋ ಹಾಗಿಲ್ಲ. ಒಂದು ತೊಟ್ಟೂ ಇಲ್ಲ. ದಯವಿಟ್ಟು."

"ಬ್ಯಾಡ ಬಿಡಿ ಸಿಸ್ಟರ್. ನೀವು ಹೇಳಿದಂಗೆ" ಎಂದರು ಸಂಪಂಗಮ್ಮ ತಕ್ಷಣ. ಆದರೆ ತಂದ ನೀರನ್ನು ಏನು ಮಾಡುವುದು? ಚೆಲ್ಲುವ ಹಾಗಿಲ್ಲ. ಚೊಂಬು ಹಿಡಿದು ಅವರು ಮಂಚದ ಪಕ್ಕ ನಿಂತೇ ಇದ್ದರು. ಗೌತಮ ನೆಲ ನೋಡುತ್ತಿದ್ದ. 

ಗೋಡೆಯ ಪಕ್ಕ ಜಪಸರ ಹಿಡಿದು ಕುಳಿತಿದ್ದ ನಮ್ಮತ್ತೆ ಎದ್ದು ಬಂದರು.

"ಇಲ್ಲಿ ಕೊಡಿ."

"ಏನ್ ಮಾಡ್ತೀರಮ್ಮ?"

"ಮಗುಗೆ ಕೊಡಬಾರದು ಅಂದ್ರೆ ಮಗುವಿನ ಮನೆಯೋರು ಯಾರಾದ್ರೂ ಕುಡೀಬೇಕಲ್ಲ? ಅಷ್ಟು ಜನ ಕೊಟ್ಟು ಕಳಿಸಿದ್ದನ್ನ ಮೋರಿಗೆ ಹಾಕಕ್ಕಾಗುತ್ತಾ?"

ಸಂಪಂಗಮ್ಮ ಚೊಂಬನ್ನು ಕೊಟ್ಟರು. ಬೇರೆ ಮನೆಯ ನೀರನ್ನು ಬಾಳಿನಲ್ಲಿ ಮುಟ್ಟದಿದ್ದ ನಮ್ಮತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎತ್ತಿ ಕುಡಿಯದೆ, ತುಟಿಗೆ ಹಚ್ಚಿ, ಕೊನೆಯ ಹನಿಯವರೆಗೂ ಕುಡಿದರು. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು ಹೋಗಿ ತಮ್ಮ ಜಾಗದಲ್ಲಿ ಕುಳಿತು ಜಪ ಮುಂದುವರಿಸಿದರು. ಸಂಪಂಗಮ್ಮ ಅವರ ಪಕ್ಕ ನೆಲದ ಮೇಲೆ ಕುಳಿತರು. ವಿಸಿಟರ್ಸ್ ಹೊತ್ತು ಮುಗಿಯಿತೆಂದು ಗಂಟೆ ಬಾರಿಸುವವರೆಗೂ ಇಬ್ಬರೂ ಹಾಗೆಯೇ ಭುಜಕ್ಕೆ ಭುಜ ತಾಗಿಸಿಕೊಂಡು ಕುಳಿತಿದ್ದರು.

ಮಗು ಉಳಿಯಿತು. ಡಾಕ್ಟರು ಔಷಧಿ ಬದಲಾಯಿಸಿದರು, ನಿಧಾನವಾಗಿ ಜ್ವರ ಇಳಿಯಿತು. ಮನೆಗೆ ಬಂದ ಮೇಲೆ ನಾನು ಸಂಪಂಗಮ್ಮನ ಕೈ ಹಿಡಿದುಕೊಂಡು, "ನೀವು ಉಳಿಸಿದ್ರಿ" ಎಂದೆ.

"ಸುಳ್ಳು ಹೇಳ್ಬ್ಯಾಡಿ ಟೀಚರಮ್ಮ. ಡಾಕ್ಟ್ರು ಉಳಿಸಿದ್ರು. ನನ್ ಮಗೂಗೂ ಇವ್ರೇ ಊದಿದ್ರು, ಅದು ಹೋಯ್ತು. ಉಳಿದಾಗ ನಮ್ದು ಅಂದ್ರೆ ಹೋದಾಗ್ಲೂ ನಮ್ದೇ ಅನ್ನಬೇಕಾಯ್ತದೆ" ಎಂದು ಕೈ ಬಿಡಿಸಿಕೊಂಡು ಮುಂದಿನ ಮನೆಯ ಮಗುವನ್ನು ಇಸಿದುಕೊಳ್ಳಲು ಹೋದರು.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಅವರು ಬರುವುದು ಕಡಿಮೆಯಾಯಿತು. ಗಿರಣಿಯ ಕೆಲಸದಿಂದ ನಿವೃತ್ತರಾಗಿದ್ದರು. ಅಷ್ಟು ವರ್ಷ ಒಳಗೆಳೆದುಕೊಂಡ ಹತ್ತಿಯ ದೂಳು ಎದೆಯಲ್ಲಿ ಕೂತು ಕೆಮ್ಮಿಸುತ್ತಿತ್ತು. ನಮ್ಮತ್ತೆ ಆ ಹೊತ್ತಿಗೆ ತೀರಿಹೋಗಿದ್ದರು. ಸಂಪಂಗಮ್ಮ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನಾನು ಓಕಳಿಪುರಕ್ಕೆ ಹೋದೆ. ಅದಾಗಿ ಕೆಲವೇ ದಿನಗಳಲ್ಲಿ ಅವರು ಹೋಗಿಬಿಟ್ಟರು. ನಾನು ಆಗ ಊರಿನಲ್ಲಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಅವರನ್ನು ಕೊನೆಯದಾಗಿ ನೋಡಿದ್ದು ಆ ಮಧ್ಯಾಹ್ನವೇ.

ರೈಲ್ವೆ ಹಳಿಯ ಪಕ್ಕದ ಮನೆ. ಗಾಡಿ ಹೋದಾಗಲೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಅಷ್ಟು ಎತ್ತರದ ಮೈ ಹಾಸಿಗೆಯಲ್ಲಿ ಚಿಕ್ಕದಾಗಿ ಮಡಿಚಿಕೊಂಡಿತ್ತು. ಗೋಡೆಯ ಮೇಲೆ ಬುದ್ಧನ ಪಟ. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ, ಕೋಲಿಗೆ ಗಲ್ಲ ಊರಿಕೊಂಡು ಇಬ್ರಾಹಿಂ ಸಾಬರು ಕುಳಿತಿದ್ದರು. ಅವರಿಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಮೊಮ್ಮಗ ಕರೆತಂದು ಬಿಟ್ಟು ಹೋಗಿದ್ದನಂತೆ.

ಸಂಪಂಗಮ್ಮ ನನ್ನನ್ನು ನೋಡಿ ನಕ್ಕರು. ಆಮೇಲೆ ಸಾಬರ ಕಡೆ ತಿರುಗಿ ಏದುಸಿರಿನಲ್ಲಿ ಹೇಳಿದರು. "ನಂಗೆ ಊದಬ್ಯಾಡಿ ಸಾಬ್ರೇ. ಬೇಜಾರ್ ಮಾಡ್ಕಬ್ಯಾಡಿ. ನಾನು ಬುದ್ಧನ ಕಡೇಳು."

"ಗೊತ್ತಮ್ಮಾ. ನಿಮ್ಗೆ ಊದಕ್ಕೆ ಬಂದಿಲ್ಲ. ಸುಮ್ನೆ ಕೂತ್ಕೊಂಡು ಹೋಗೋಣ ಅಂತ ಬಂದೆ."

ಗೌತಮ ಅವ್ವನಿಗೆ ಒಂದು ಗುಟುಕು ನೀರು ಕುಡಿಸಿದ. ಆಮೇಲೆ ಸಾಬರೇ ಗೌತಮನನ್ನು ಕೇಳಿದರು.

"ಬೇಟಾ, ನಿಮ್ಮಲ್ಲಿ ಹುಷಾರಿಲ್ದೋರ ಹತ್ರ ಕೂತು ಏನು ಓದ್ತೀರಿ?"

"ತ್ರಿಶರಣ ಹೇಳ್ತೀವಿ ತಾತ, ಮೂರು ಸಲ."

"ಹಾಗಾದ್ರೆ ಓದು. ನಾನೂ ಕೇಳ್ತೀನಿ."

ಗೌತಮ ಒಂದು ಕ್ಷಣ ತಾಯಿಯನ್ನು ನೋಡಿದ. ಆಕೆ ಕಣ್ಣಲ್ಲೇ ಹೂಂ ಎಂದರು. ಅವನು ಹಾಸಿಗೆಯ ಪಕ್ಕ ಮಂಡಿಯೂರಿ ಕೈ ಜೋಡಿಸಿದ. ಗಾಡಿಯೊಂದು ಹೋಗುತ್ತಿತ್ತು. ಅದು ಪೂರ್ತಿ ದಾಟುವವರೆಗೆ ಕಾದ. ಇಬ್ರಾಹಿಂ ಸಾಬರು ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಅಂಗೈಗಳನ್ನು ಬೊಗಸೆಯ ಹಾಗೆ ಮಡಿಲಲ್ಲಿ ಹಿಡಿದರು.

"ಬುದ್ಧಂ ಸರಣಂ ಗಚ್ಛಾಮಿ" ಎಂದು ಗೌತಮ ಶುರುಮಾಡಿದ. ಅಷ್ಟು ಗಟ್ಟಿಯಾದ ಆಳಿನ ಧ್ವನಿ ನಡುಗುತ್ತಿತ್ತು. ಸಂಪಂಗಮ್ಮನ ತುಟಿ ಜೊತೆಗೆ ಅಲುಗಿತು. ಮೊದಲ ಸಲದ ಮೂರು ಸಾಲು ಮುಗಿದವು.

"ಆಮೀನ್" ಎಂದರು ಇಬ್ರಾಹಿಂ ಸಾಬರು.

ಗೌತಮ ತಲೆಯೆತ್ತಿ ನೋಡಿದ. ಮುದುಕರ ಕಣ್ಣು ಮುಚ್ಚಿತ್ತು. ತಾವು ಅಂದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ.  ಗೌತಮ ಮತ್ತೆ ತಲೆ ಬಗ್ಗಿಸಿ ಎರಡನೆಯ ಸಲ ಹೇಳಿದ. ಆ ಸಾಲುಗಳು ಮುಗಿದಾಗ ಅವನು ಮುಂದಕ್ಕೆ ಹೋಗದೆ ನಿಂತು, ಕಾದ.

"ಆಮೀನ್" ಎಂದರು ಸಾಬರು.

ಆಮೇಲೆ ಅವನು ಮೂರನೆಯ ಸಲ ಶುರುಮಾಡಿದ.